ಬಾರಕೋಲಿಲ್ಲದ ಬಂಡಿ

೧ ಜನವರಿ ೨೦೧೬, ಶುಕ್ರವಾರ. ಸೊಹಾರ್

ಈ ವರ್ಷ ಮಿಲ್ಲಿನವರು ಬೋನಸ್ಸಿನ ಬದಲು ಈ ಡೈರಿ ಕೊಟ್ಟಿದ್ದಾರೆ. ಹೋದ ವರ್ಷ ಬೋನಸ್ಸು, ಡೈರಿ, ಖರ್ಜೂರದ ಡಬ್ಬಿ ಮೂರೂ ಇದ್ದವು. ಈ ಕೊಲ್ಲಿ ದೇಶದಲ್ಲಿ ಕಚ್ಚಾ ಎಣ್ಣೆಯ ಬೆಲೆ ನೆಲ ಕಚ್ಚಿದ ಮೇಲೆ ಮೊದಲು ಖರ್ಜೂರ ಹೋಯಿತು, ಆಮೇಲೆ ಬೋನಸ್ಸು ಹೋಯಿತು. ಡೈರಿ ಮಾತ್ರ ಯಾರೋ ಮುಂಚೆಯೇ ಅಚ್ಚು ಹಾಕಿಸಿಬಿಟ್ಟಿದ್ದರಂತೆ. ಖಾಲಿ ಬಿಟ್ಟರೆ ದಂಡವೆಂದು ಬರೆಯಲು ಕೂತಿದ್ದೇನೆ. ಓದುವವರು ಯಾರೂ ಇಲ್ಲ, ಹಾಗಾಗಿ ನನ್ನನ್ನು ನಾನೇ ಹೊಗಳಿಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಇವತ್ತು ಊಟಕ್ಕೆ ಕೂತಾಗ ಘೋಷಣೆ ಮಾಡಿದೆ. ಮಗಳು ಪ್ರತಿಮಾಳ ಎಂಟನೇ ಕ್ಲಾಸಿನ ಪರೀಕ್ಷೆ ಮುಗಿಯುತ್ತಲೇ, ಮಾರ್ಚ್ ಕೊನೆಗೆ, ಮೂವರೂ ಜಪಾನಿಗೆ! ಟೋಕಿಯೊ ಅಲ್ಲ, ಹಿಮದ ಬೆಟ್ಟವೂ ಅಲ್ಲ. ಆ ದೇಶದ ದಕ್ಷಿಣದ ತುದಿಯಲ್ಲಿ, ತೈವಾನಿನ ಮಗ್ಗುಲಿಗೆ, ಇರಿಯೊಮೊತೆ ಎಂಬ ದ್ವೀಪವಿದೆ. ಅಲ್ಲಿ ಚಳಿಯಿಲ್ಲ, ನೀರಲ್ಲೇ ಬೆಳೆಯುವ ಕಾಡಿದೆ, ಬೇರೆಲ್ಲೂ ಇಲ್ಲದ ಒಂದು ಜಾತಿಯ ಕಾಡುಬೆಕ್ಕಿದೆ. ಅವೆಲ್ಲ ಇರಲಿ. ಅಲ್ಲಿಂದ ಯುಬು ಎಂಬ ಪುಟ್ಟ ದ್ವೀಪಕ್ಕೆ ದಾಟುವುದು ಕೋಣದ ಬಂಡಿಯಲ್ಲಿ, ಸಮುದ್ರದ ನಡುವೆ. ಮಿಲ್ ಕಟ್ಟುವಾಗ ಬಂದಿದ್ದ ಜಪಾನಿ ಇಂಜಿನಿಯರ್ ಒಬ್ಬ ಅದರ ವಿಡಿಯೊ ಕೊಟ್ಟಿದ್ದ. ಮೊಳಕಾಲುದ್ದ ನೀರಿನಲ್ಲಿ ಕರಿ ಕೋಣ ತನ್ನಷ್ಟಕ್ಕೆ ನಡೆಯುತ್ತದೆ. ಬಂಡಿ ಹೊಡೆಯುವವ ಮೂರು ತಂತಿಯ ವಾದ್ಯ ಹಿಡಿದು ಹಾಡುತ್ತಾ ಕೂತಿರುತ್ತಾನೆ.

ಮುಧೋಳದಲ್ಲಿ ನಮ್ಮಪ್ಪ ಕೋಣದ ಬಂಡಿಯಲ್ಲಿ ಕಟ್ಟಡಗಳಿಗೆ ನೀರು ಹೊರುತ್ತಿದ್ದ. ಅಪ್ಪನ ಕೈಯಲ್ಲಿ ಬಾರಕೋಲು, ಕೋಣದ ಬೆನ್ನ ಮೇಲೆ ಅದರ ಗೆರೆ. ಈ ವಿಡಿಯೊದ ಕೋಣಕ್ಕೆ ಒಂದೂ ಗೆರೆಯಿಲ್ಲ. ಅದಕ್ಕೇ ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸುವುದಿಲ್ಲ.

ಹೆಂಡತಿ ಉಮಾಶ್ರೀ ಸಾರು ಬಡಿಸುತ್ತಾ, “ಬೋನಸ್ ಇಲ್ಲ ಅಂತೀರಿ, ಜಪಾನ್ ಅಂತೀರಿ. ಹುಬ್ಬಳ್ಳ್ಯಾಗ ಅಕ್ಕನ ಮನೀಗೆ ಹೋಗಿ ಬರೂಣಲ್ರೀ,” ಎಂದಳು.

“ಹುಬ್ಬಳ್ಳಿ ಎಲ್ಲಿಗೆ ಓಡಿ ಹೋಗ್ತೈತಿ? ಅಲ್ಲೇ ಇರ್ತೈತಿ ತಗೋ,” ಎಂದೆ. ಮೂವರೂ ನಕ್ಕೆವು.

ಪ್ರತಿಮಾ ವಿಡಿಯೊ ನೋಡಿ, “ಪಪ್ಪಾ, ದೇ ಡೋಂಟ್ ಹಿಟ್ ಇಟ್!” ಎಂದಳು. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಬರುವ ಮಗಳು.

“ಪ್ರೀತಿಲೆ ಸಾಕಿದ್ರ ಹೊಡಿಯೂದು ಯಾಕ ಬೇಕ, ಪುಟ್ಟಿ?” ಎಂದೆ. ಒಳ್ಳೆಯ ದಿನ.

೧೨ ಜನವರಿ, ಮಂಗಳವಾರ

ನಾನು ಉಕ್ಕಿನ ಮಿಲ್ಲಿನಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ನಮ್ಮ ಕಸುಬಿನಲ್ಲಿ ದೇವರ ಪಟಕ್ಕಿಂತ ದೊಡ್ಡದು ಕೆಂಪು ಬೀಗ. ಯಂತ್ರದೊಳಗೆ ರಿಪೇರಿಗೆ ಇಳಿಯುವವನು ಮೊದಲು ಕರೆಂಟ್ ತೆಗೆದು, ಆ ಸ್ವಿಚ್ಚಿಗೆ ತನ್ನ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಬೀಗಕ್ಕೆ ಅವನ ಫೋಟೊ ಇರುವ ಟ್ಯಾಗ್. “ಅಪಾಯ. ಈ ಬೀಗ ತೆಗೆಯಬೇಡಿ. ಒಂದು ಜೀವ ಇದರ ಮೇಲೆ ನಿಂತಿದೆ.” ಹಾಕಿದವನೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ.

ಇವತ್ತು ಮಹಮೂದ್ ಎಂಬ ಸಿಯಾಲ್‌ಕೋಟಿನ ಫಿಟ್ಟರ್ ರೋಲರುಗಳ ಕೆಳಗೆ ಇಳಿದಿದ್ದ. ಮ್ಯಾನೇಜರ್ ಬಾಸಿಲ್ ಬಂದು, ಲೈನು ನಿಂತು ನಷ್ಟವಾಗುತ್ತಿದೆ, ಅವನು ಮೇಲೆ ಬಂದಿರುತ್ತಾನೆ, ಬೀಗ ಕತ್ತರಿಸು ಎಂದ. ನಾನು ಆಗುವುದಿಲ್ಲ ಎಂದೆ. ಎದೆಗೆ ಕೈ ಹಚ್ಚಿ ನನ್ನನ್ನು ಪ್ಯಾನೆಲ್ಲಿಗೆ ದೂಡಿದ. “ಭೈನ್ಸ್ ಕೀ ತರಹ್ ಕ್ಯಾ ಖಡಾ ಹೈ?” ಹುಡುಗರೆಲ್ಲ ನೋಡುತ್ತಿದ್ದರು. ಎಮ್ಮೆಯ ಹಾಗೆಯೇ ನಿಂತೆ, ಅಲುಗಾಡಲಿಲ್ಲ. ಮಹಮೂದ್ ಮೈಯೆಲ್ಲ ಗ್ರೀಸ್ ಮಾಡಿಕೊಂಡು ಕೆಳಗಿಂದ ಎದ್ದು ಬಂದಾಗ ಬಾಸಿಲ್ ಮುಖ ತಿರುಗಿಸಿ ಹೋದ. ನಾನು ಕತ್ತರಿಸಿದ್ದರೆ ಮಹಮೂದ್ ಚೂರುಚೂರಾಗಿರುತ್ತಿದ್ದ.

ಊಟದ ಹೊತ್ತಿಗೆ ಮನೆಯಲ್ಲಿ ನಿಯಮ ಪೂರ್ತಿ ಹೇಳಿದೆ. ಬೀಗ ಕತ್ತರಿಸಲೇಬೇಕಾಗಿ ಬಂದರೆ ಅದಕ್ಕೊಂದು ರೀತಿಯಿದೆ. ಬೀಗದ ಒಡೆಯ ಆವರಣದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು, ಫೋನ್ ಮಾಡಿ ಅವನ ಬಾಯಿಂದಲೇ ಕೇಳಬೇಕು, ಯಂತ್ರದೊಳಗೆ ಯಾರಿದ್ದಾರೆಂದು ನೋಡಬೇಕು, ಟ್ಯಾಗಿನ ಹಿಂದೆ ಕಾರಣ ಬರೆದು ಇಬ್ಬರು ಸಹಿ ಹಾಕಬೇಕು. ಕೊನೆಗೆ ಒಡೆಯ ಬಂದಾಗ ಕತ್ತರಿಸಿದ ಬೀಗ ತೋರಿಸಿ ಅವನ ಸಹಿಯನ್ನೂ ಪಡೆಯಬೇಕು. ಪ್ರತಿಮಾಗೆ ಇದೆಲ್ಲ ಮಗ್ಗಿಯ ಹಾಗೆ ಬಾಯಿಪಾಠ. ನಾನು ನಿಲ್ಲಿಸಿದಲ್ಲಿಂದ ಅವಳು ಮುಂದುವರಿಸುತ್ತಾಳೆ.

ಉಮಾ ಮಾತ್ರ, “ಆ ಬಾಸಿಲ್‌ಗೆ ಎದುರು ನಿಲ್ಲೂದು ಯಾಕಬೇಕಿತ್ತು? ಈಗಿನ ದಿನಮಾನದಾಗ,” ಎಂದಳು. ತಟ್ಟೆ ಕೈತಪ್ಪಿ ಗೋಡೆಗೆ ಬಿತ್ತು. ಸ್ಟೀಲಿನ ತಟ್ಟೆ, ಏನೂ ಆಗಲಿಲ್ಲ.

೨೨ ಜನವರಿ, ಶುಕ್ರವಾರ

ಪೆಟ್ರೋಲಿನ ದರ ಏರಿಸಿದ್ದಾರೆ. ಮಿಲ್ಲಿನ ಬಸ್ಸಿನಲ್ಲಿ ಮಾತೆಲ್ಲ ಅದೇ. ದುಕ್ಮ್‌ನಲ್ಲಿ ಯಾರನ್ನೋ ಕೆಲಸ ಬಿಡಿಸಿ ಊರಿಗೆ ಕಳಿಸಿದರಂತೆ, ಮಸ್ಕತ್ತಿನಲ್ಲಿ ಯಾರನ್ನೋ ಕಳಿಸಿದರಂತೆ. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ದ್ವೀಪದ ಬಗ್ಗೆ ಓದುತ್ತೇನೆ.

ದೊಡ್ಡ ನಕ್ಷೆ ಪ್ರಿಂಟ್ ತೆಗೆಸಿ ಫ್ರಿಜ್ಜಿಗೆ ಅಂಟಿಸಿದೆ. ಮಸ್ಕತ್ತಿನಿಂದ ಬ್ಯಾಂಕಾಕ್, ಅಲ್ಲಿಂದ ಜಪಾನಿನ ನಾಹಾ, ಅಲ್ಲಿಂದ ಇಶಿಗಾಕಿ, ಅಲ್ಲಿಂದ ದೋಣಿ. ದ್ವೀಪದ ಬಡಗಣ ಬಂದರಿಗೆ ಗಾಳಿ ಜೋರಾದರೆ ದೋಣಿ ಹೋಗುವುದಿಲ್ಲ, ಆದ್ದರಿಂದ ತೆಂಕಣ ಬಂದರಿಗೇ ಹೋಗಬೇಕು. ಇದನ್ನೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ತೋರಿಸಿದೆ. ಉಮಾ ಅನ್ನ ಬಸಿಯುತ್ತಾ “ಹೂಂ” ಎಂದಳು. ತಿರುಗಿ ಕೂಡ ನೋಡಲಿಲ್ಲ.

ನೋಡು ಅಂದೆ. ನೋಡೇನಿ ಅಂದಳು. ಸರಿಯಾಗಿ ನೋಡು ಅಂದೆ. ಆಗ ಕೈ ತಗುಲಿತು. ಜೋರಾಗಿ ಏನಲ್ಲ, ಬಳೆಯೊಂದು ಒಡೆಯಿತು. ಹದಿನೈದು ವರ್ಷದ ಸಂಸಾರದಲ್ಲಿ ಹೀಗಾಗಿರಲಿಲ್ಲ. ತಕ್ಷಣ ಸಂಕಟವಾಯಿತು, ನಾನೇ ಕೂತು ಚೂರು ಆರಿಸಿದೆ. ಅವಳು ಯಾರಿಗಾಗಿ ಇದೆಲ್ಲ ಮಾಡುತ್ತಿದ್ದೇನೆಂದು ಒಮ್ಮೆ ಯೋಚಿಸಿದ್ದರೆ ಸಾಕಿತ್ತು.

೨೯ ಜನವರಿ, ಶುಕ್ರವಾರ

ಬೆಳಿಗ್ಗೆ ಸೊಹಾರ್ ಕಡಲತಡಿಗೆ ಹೋಗಿದ್ದೆವು. ಪಕ್ಕದ ಮನೆಯ ಲೋಲಾಕ್ಷಿ, ಅವಳ ಗಂಡ ವಿಕಾಸ್ ಜೊತೆಗೆ ಬಂದಿದ್ದರು. ಲೋಲಾಕ್ಷಿ ಕ್ಲಿನಿಕ್ಕಿನಲ್ಲಿ ನರ್ಸ್, ವಿಕಾಸ್ ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ. ಇಬ್ಬರೂ ಉಡುಪಿ ಕಡೆಯವರು, ತಮ್ಮೊಳಗೆ ತುಳು. ಉಮಾ ಅವಲಕ್ಕಿ ಕಟ್ಟಿಕೊಂಡು ಬಂದಿದ್ದಳು. ನಾನು ಪ್ಯಾಂಟ್ ಮಡಚಿ ನೀರಿಗಿಳಿದು ಕೋಣ ಹೇಗೆ ನಡೆಯುತ್ತದೆಂದು ನಡೆದು ತೋರಿಸಿದೆ. ವಿಕಾಸ್ ಹೊಟ್ಟೆ ಹಿಡಿದುಕೊಂಡು ನಕ್ಕ.

ದೂರದಲ್ಲಿ ಹಡಗೊಂದು ಕಂಡಿತು. ಪ್ರತಿಮಾಗೆ ತೋರಿಸಲೆಂದು ಕೈ ಎತ್ತಿದೆ. ಹುಡುಗಿ ಎರಡು ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿತು. ಬೆಚ್ಚಿಬೀಳುವ ಸ್ವಭಾವ ಹೆಚ್ಚಾಗಿದೆ ಇವಳಿಗೆ. ಟಾನಿಕ್ ಕೊಡಿಸಬೇಕು.

ಲೋಲಾಕ್ಷಿ ಅದನ್ನೇ ನೋಡುತ್ತಾ ನಿಂತಿದ್ದಳು. ಎಲ್ಲದರಲ್ಲೂ ಕಾಯಿಲೆ ಹುಡುಕುವುದು ಅವಳ ಕಸುಬು.

೧೦ ಫೆಬ್ರವರಿ, ಬುಧವಾರ

ಕೈ ತೊಳೆದಷ್ಟೂ ವಾಸನೆ ಹೋಗುತ್ತಿಲ್ಲ.

ಜನ ಕಡಿಮೆ ಮಾಡಿ ಇಬ್ಬರ ಕೆಲಸ ಒಬ್ಬನಿಗೆ ಕೊಟ್ಟಿದ್ದಾರಲ್ಲ, ಹೆಲ್ಪರ್ ಹಾಜಬ್ಬ ಒಬ್ಬನೇ ಕನ್ವೇಯರಿಗೆ ಇಳಿದಿದ್ದ. ಉಳ್ಳಾಲದವನು, ಪಾಪದವನು. ಅವನ ಬೀಗ ಜಾಗದಲ್ಲೇ ಇತ್ತು. ನಾನು ಇನ್ನೊಂದು ಶೆಡ್ಡಿನಲ್ಲಿದ್ದೆ. ಬಾಸಿಲ್ ಹೇಳಿದ, ಆಪರೇಟರ್ ಶ್ಯಾಮಸುಂದರ ಬೋಲ್ಟ್ ಕಟರ್ ತಂದು ಕಟ್ ಅನಿಸಿ ಸ್ವಿಚ್ ಹಾಕಿದ.

ಕಿರುಚಾಟ ಎರಡು ಶೆಡ್ ದಾಟಿ ಕೇಳಿಸಿತು. ಓಡಿಹೋಗಿ ಲೈನು ನಿಲ್ಲಿಸಿದೆ. ಬೆಲ್ಟು ಹಿಂದಕ್ಕೆ ತಿರುಗಿಸಿ ಅವನನ್ನು ಎಳೆದೆವು. ತೋಳು ಭುಜದವರೆಗೆ ಸುಲಿದು ಹೋಗಿತ್ತು, ಮೊಣಕೈ ಕೆಳಗೆ ಇದ್ದದ್ದನ್ನು ಕೈ ಎನ್ನಲಾಗದು. ನನ್ನ ಮಡಿಲಲ್ಲಿ ತಲೆ ಇಟ್ಟುಕೊಂಡು, “ಸಾರ್, ನನ್ನ ಕೈ ಉಂಟಾ? ನೋಡಿ ಹೇಳಿ ಸಾರ್, ಉಂಟಾ?” ಎಂದು ಕೇಳುತ್ತಲೇ ಇದ್ದ. “ಐತೋ, ಐತಿ,” ಎಂದೆ. ಆಂಬುಲೆನ್ಸ್ ಬರುವವರೆಗೂ ಅದೇ ಸುಳ್ಳು ಹೇಳಿದೆ.

ಆಮೇಲೆ ಶ್ಯಾಮಸುಂದರನನ್ನು ಹಿಡಿದೆ. ಅವನ ತಲೆಯನ್ನು ಅದೇ ಪ್ಯಾನೆಲ್ಲಿಗೆ ಗುದ್ದಿದೆ, ಮತ್ತೆ ಗುದ್ದಿದೆ. ಹಲ್ಲು ಮುರಿದು ನನ್ನ ಅಂಗೈಗೆ ಬಂತು. ಬಾಸಿಲ್ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನನ್ನು ಮುಟ್ಟಲಿಲ್ಲ. ಮ್ಯಾನೇಜರಿಗೆ ಹೊಡೆದರೆ ಕೆಲಸ ಹೋಗುತ್ತದೆ, ಅಷ್ಟು ಎಚ್ಚರ ನನಗಿತ್ತು.

ಬೇರೆಯವನ ಬೀಗ ಕತ್ತರಿಸಿದವನಿಗೆ ಇನ್ನೂ ಹೆಚ್ಚು ಬೀಳಬೇಕಿತ್ತು.

೧೨ ಫೆಬ್ರವರಿ, ಶುಕ್ರವಾರ

ಉಮಾ ಇವತ್ತೇ ಆ ಮಾತು ತೆಗೆಯಬೇಕಿತ್ತೇ? “ಈ ವರ್ಷ ಜಪಾನ್ ಬ್ಯಾಡ್ರಿ. ನಮಗ್ಯಾರಿಗೂ ಮನಸಿಲ್ಲ. ನೀವೂ ನಿದ್ದಿ ಮಾಡವಲ್ರಿ,” ಎಂದಳು. ನಮಗ್ಯಾರಿಗೂ ಅಂತೆ! ನನ್ನ ಹಿಂದೆ ತಾಯಿ ಮಗಳು ಕೂತು ಸಭೆ ಮಾಡಿದ್ದಾರೆ.

ಅಡುಗೆಕಟ್ಟೆಯ ಅಂಚು ತಾಕಿ ಅವಳ ಮಣಿಕಟ್ಟು ಊದಿತು. ಲೋಲಾಕ್ಷಿ ಬಂದು ಪಟ್ಟಿ ಕಟ್ಟಿದಳು. ಬಾತ್‌ರೂಮಿನಲ್ಲಿ ಜಾರಿದೆ ಎಂದು ಉಮಾ ತಾನಾಗಿಯೇ ಹೇಳಿದಳು, ನಾನು ಹೇಳಿಕೊಟ್ಟಿರಲಿಲ್ಲ. ಅಷ್ಟರಮಟ್ಟಿಗೆ ತಿಳಿವಳಿಕೆಯ ಹೆಂಗಸು.

ಸಂಜೆ ಇಬ್ಬರನ್ನೂ ಕೂರಿಸಿ ವಿಡಿಯೊ ಹಾಕಿದೆ. ಮುಗಿಯುವವರೆಗೂ ನೋಡಿದರು.

೨೧ ಫೆಬ್ರವರಿ, ಭಾನುವಾರ

ಎಡ ಹುಬ್ಬಿನ ಮೇಲೆ ಹೊಲಿಗೆ ಬಿದ್ದಿದೆ, ಕಣ್ಣು ಪೂರ್ತಿ ತೆರೆಯುತ್ತಿಲ್ಲ.

ಇಂದು ಮೂವತ್ತು ಜನಕ್ಕೆ ಖಲಾಸ್. ಅವರನ್ನು ಗೇಟಿನವರೆಗೆ ಕರೆದೊಯ್ಯುವ ಕೆಲಸ ನನಗೆ ಹಚ್ಚಿದರು. ಹೊರಹೋಗುವವನು ತನ್ನ ಕೆಂಪು ಬೀಗ ಒಪ್ಪಿಸಿ ಹೋಗಬೇಕು. ಮಹಮೂದನ ಸರದಿ ಬಂದಾಗ, ಜನವರಿಯಲ್ಲಿ ನಿನ್ನ ಪ್ರಾಣ ಉಳಿಸಿದವನು ನಾನೇ ಎಂದು ನೆನಪಿಸಿ ಭುಜ ತಟ್ಟಿದೆ. “ಇಸ್ ತಾಲೇ ನೇ ಹಾಜಬ್ಬಾ ಕೋ ಬಚಾಯಾ?” ಈ ಬೀಗ ಹಾಜಬ್ಬನನ್ನು ಉಳಿಸಿತೇ ಎಂದು ಕೇಳಿ ಅದನ್ನು ನನ್ನ ಮುಖಕ್ಕೇ ಎಸೆದ. ನೆತ್ತರು ಕಣ್ಣಿಗಿಳಿಯಿತು. ನಾನು ಕೆಳಗೆ ಕೆಡವಿ ಅವನ ಎದೆಯ ಮೇಲೆ ಕೂತೆ. ಗಾರ್ಡುಗಳು ಬಿಡಿಸುವ ಹೊತ್ತಿಗೆ ನನ್ನ ಗೆಣ್ಣುಗಳೂ ಒಡೆದಿದ್ದವು. ಒಂದು ಕಾಲದಲ್ಲಿ ಇವನಿಗಾಗಿ ಎದೆ ಕೊಟ್ಟಿದ್ದೆ.

ಹೊಲಿಗೆ ಹಾಕುವಾಗ ಡಾಕ್ಟರ ಪಕ್ಕದಲ್ಲಿ ಲೋಲಾಕ್ಷಿಯೇ ಇದ್ದಳು. ಡಾಕ್ಟರು ಆಚೆ ಹೋದ ಮೇಲೆ, “ಬಸವಂತಣ್ಣ, ನಿಮ್ಮ ಬಾತ್‌ರೂಮಿಗೆ ಟೈಲ್ಸ್ ಹಾಕಿದ್ದು ಯಾರು ಮಾರಾಯ್ರೆ? ಉಮಕ್ಕ ಯಾವಾಗ ನೋಡಿದ್ರೂ ಜಾರ್ತಾರೆ,” ಎಂದಳು.

“ಬಾಡಿಗಿ ಮನಿ, ಓನರ್‌ಗೆ ಹೇಳಬೇಕು,” ಎಂದೆ.

“ನಾನು ಯಾರಿಗೆ ಹೇಳ್ಬೇಕು ಅಂತ ಯೋಚನೆ ಮಾಡ್ತಾ ಇದ್ದೇನೆ,” ಎಂದು ಕತ್ತರಿ ಕೆಳಗಿಟ್ಟಳು.

ಇನ್ನು ಅವಳು ನಮ್ಮ ಮನೆಗೆ ಬರುವುದು ಬೇಡ.

೨೬ ಫೆಬ್ರವರಿ, ಶುಕ್ರವಾರ

ವೀಸಾಕ್ಕೆ ಕಾಗದ ಜೋಡಿಸಲು ಕೂತರೆ ಪಾಸ್‌ಪೋರ್ಟುಗಳ ಲಕೋಟೆ ಅಡುಗೆಮನೆಯ ಅಕ್ಕಿ ಡಬ್ಬಿಯ ಹಿಂದೆ! ಉಮಾಶ್ರೀಯದೂ ಪ್ರತಿಮಾಳದೂ ಅದರಲ್ಲಿ, ನನ್ನದು ಮಾತ್ರ ಕಪಾಟಿನಲ್ಲೇ. ಕೇಳಿದರೆ, “ಧೂಳು ಹೊಡಿಯೂವಾಗ ಇಟ್ಟಿದ್ದೆ,” ಎಂದಳು. ಧೂಳು ಹೊಡೆದವಳ ಕೈ ಪಾಸ್‌ಪೋರ್ಟು ಆರಿಸುತ್ತದೆಯೇ? ಕೂದಲು ಹಿಡಿದು ಕಪಾಟಿನವರೆಗೆ ಕರೆತಂದು, ಅವಳ ಕೈಯಿಂದಲೇ ವಾಪಸ್ ಇಡಿಸಿದೆ.

ಕಪಾಟಿಗೆ ನನ್ನ ಕೆಂಪು ಬೀಗ ಹಾಕಿದ್ದೇನೆ. ಒಂದೇ ಕೀಲಿಯ ಎರಡು ಬೀಗ ನನ್ನ ಹೆಸರಿನಲ್ಲಿವೆ, ಮಿಲ್ಲಿಗೆ ಈಗ ಒಂದು ಸಾಕು. ಪ್ರವಾಸದ ಕಾಗದಪತ್ರ ಭದ್ರವಾಗಿರಬೇಕಲ್ಲ.

ಕ್ಲಿಕ್ ಎಂದಾಗ ಮನಸ್ಸಿಗೆ ಎಷ್ಟು ನೆಮ್ಮದಿಯಾಯಿತು.

೮ ಮಾರ್ಚ್, ಮಂಗಳವಾರ

ಪ್ರತಿಮಾ ಶಾಲೆಯ ಏಂಜೆಲಾ ಟೀಚರಿಗೆ ಫೋನಿನಲ್ಲಿ ಏನೇನೋ ಬರೆದಿದ್ದಾಳೆ. ಮನೆಯ ಮಾತು.

ಫೋನ್ ಒಡೆದೆ. ಬೆಲ್ಟು ಹೇಗೆ ಕೈಗೆ ಬಂತೋ ಗೊತ್ತಿಲ್ಲ. ಉಮಾ ಅಡ್ಡ ಬಿದ್ದಿದ್ದರಿಂದ ಹೆಚ್ಚಿನವು ಅವಳಿಗೇ ತಾಗಿದವು.

ಮಗಳ ಬೆನ್ನಿನ ಮೇಲೆ ಒಂದು ಗೆರೆ.

ಹೆಚ್ಚು ಬರೆಯಲಾರೆ.

೧೩ ಮಾರ್ಚ್, ಭಾನುವಾರ

ರಜೆಗೆ ಸಹಿ ಹಾಕಿಸಲು ಹೋದರೆ ಬಾಸಿಲ್, “ಎಷ್ಟು ಬೇಕೋ ಅಷ್ಟು ರಜೆ ತಗೊ. ಏಪ್ರಿಲ್ ನಂತರ ನೀನು ಬರುವುದೇ ಬೇಡ,” ಎಂದ. ನನ್ನ ಹಿಂದೆ ಇನ್ನೂ ನಾಲ್ವರು ಕಾಯುತ್ತಿದ್ದರು. ಥ್ಯಾಂಕ್ಯೂ ಸರ್ ಎಂದು ಹೇಳಿ ಬಂದೆ. ಯಾಕೆ ಹಾಗೆ ಹೇಳಿದೆನೋ! ಮಿಲ್ಲಿನ ಪಾಯಖಾನೆಯಲ್ಲಿ ಗೋಡೆಗೆ ತಲೆ ಚಚ್ಚಿಕೊಂಡೆ, ಹುಬ್ಬಿನ ಗಾಯ ಮತ್ತೆ ಒಡೆಯಿತು.

ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಪ್ರವಾಸದ ಖುಷಿ ಹಾಳು. ಮೊದಲು ದ್ವೀಪ, ಆಮೇಲೆ ಮಿಕ್ಕಿದ್ದು.

ಪ್ರತಿಮಾಳ ಪರೀಕ್ಷೆ ಮುಗಿದು ಇಬ್ಬರೂ ಮನೆಯಲ್ಲೇ ಇರುತ್ತಾರೆ. ಕೆಲಸ ಹೋದವರು ಊರೆಲ್ಲ ತಿರುಗುತ್ತಿದ್ದಾರೆ, ಮಹಮೂದನಿಗೆ ನನ್ನ ಮನೆ ಗೊತ್ತು. ಆದ್ದರಿಂದ ಹೊರಗಿನ ಕಬ್ಬಿಣದ ಗ್ರಿಲ್ಲಿಗೆ ಮಿಲ್ಲಿನಲ್ಲಿದ್ದ ಎರಡನೇ ಕೆಂಪು ಬೀಗವನ್ನೂ ತಂದು ಹಾಕಿ, ಟ್ಯಾಗ್ ಕಟ್ಟಿ ಕೆಲಸಕ್ಕೆ ಹೋಗುತ್ತೇನೆ. ಅವರ ರಕ್ಷಣೆಗೇ. ತುರ್ತು ಬಿದ್ದರೆ ಕರೆಯಲೆಂದು ಉಮಾಳ ಫೋನ್ ಅವಳ ಹತ್ತಿರವೇ ಬಿಟ್ಟಿದ್ದೇನೆ, ನಾನೇನು ರಾಕ್ಷಸನಲ್ಲ.

“ಒಳಗ ಬೆಂಕಿ ಬಿದ್ರ ಏನ್ ಮಾಡೂದ್ರಿ?” ಎಂದು ಉಮಾ ಕೇಳಿದಳು. ಮಿಲ್ಲಿನಲ್ಲಿ ಕೂಡ ಯಾರೂ ಇಂಥ ಮೊಂಡು ಪ್ರಶ್ನೆ ಕೇಳಿಲ್ಲ.

೧೬ ಮಾರ್ಚ್, ಬುಧವಾರ

ಮನೆ ಶಾಂತವಾಗಿದೆ. ಯಾರೂ ಎದುರಾಡುವುದಿಲ್ಲ. ಬೆಳಗಿನ ರೊಟ್ಟಿ ಬಿಸಿಯಿರುತ್ತದೆ, ಇಸ್ತ್ರಿಯಾದ ಅಂಗಿ ಗೂಟದಲ್ಲಿರುತ್ತದೆ. ಸ್ವಲ್ಪ ಶಿಸ್ತು ಬಂದರೆ ಸಂಸಾರ ಎಷ್ಟು ಚೆಂದ ಸಾಗುತ್ತದೆ!

ಪ್ರವಾಸದ ಪೂರ್ತಿ ಯೋಜನೆ ಸಿದ್ಧ. ಬಂಡಿಯಲ್ಲಿ ಪ್ರತಿಮಾ ನಡುವೆ ಕೂರಬೇಕು, ಉಮಾ ನೀಲಿ ಸೀರೆ ಉಡಬೇಕು, ಫೋಟೊದಲ್ಲಿ ನಗಬೇಕು. ನಗುವುದನ್ನು ನಿನ್ನೆ ಅಭ್ಯಾಸ ಮಾಡಿಸಿದೆ. ಪ್ರತಿಮಾಗೆ ಮೊದಲ ಸಲಕ್ಕೆ ಬರಲಿಲ್ಲ, ಆಮೇಲೆ ಬಂತು.

ವಿಡಿಯೊವನ್ನು ಮತ್ತೆ ನೋಡಿದೆ. ಈ ಸಲ ಒಂದು ಅನುಮಾನ ಬಂತು. ಬಂಡಿಯವ ಅಷ್ಟು ನಿಶ್ಚಿಂತೆಯಿಂದ ಹಾಡಬೇಕಾದರೆ ಬಾರಕೋಲನ್ನು ಎಲ್ಲೋ ಬಚ್ಚಿಟ್ಟಿರಲೇಬೇಕು, ಸೀಟಿನ ಕೆಳಗೋ ಎಲ್ಲೋ. ಹೊಡೆತ ತಿನ್ನದೆ ಯಾವ ಕೋಣವೂ ಅಷ್ಟು ನೆಟ್ಟಗೆ ನಡೆಯುವುದಿಲ್ಲ. ಹೋದಾಗ ಬಗ್ಗಿ ನೋಡಬೇಕು.

೧೭ ಮಾರ್ಚ್, ಗುರುವಾರ. ಬೆಳಗಿನ ಚಹಾದ ಹೊತ್ತು, ಮಿಲ್

ಡೈರಿಯನ್ನು ಈಗ ಚೀಲದಲ್ಲೇ ಇಟ್ಟುಕೊಳ್ಳುತ್ತೇನೆ. ಇವತ್ತೊಂದು ಸಂತೋಷದ ಸಂಗತಿ.

ಈಗ ತಾನೆ ಉಮಾ ಫೋನ್ ಮಾಡಿದ್ದಳು. ಅವಳಾಗಿಯೇ ಫೋನ್ ಮಾಡಿ ಎಷ್ಟು ಕಾಲವಾಯಿತು.

“ಎಲ್ಲಿದ್ದೀರಿ?” ಎಂದಳು.

“ಎಲ್ಲಿರ್ಲಿ? ಮಿಲ್ಲಿನಾಗ.”

“ಅಲ್ಲೇ ಇದ್ದೀರಿ, ಹೌದಲ್ರೀ? ಸಂಜಿ ತನಕಾ ಬರೂದಿಲ್ಲಲ್ರೀ?”

“ಶಿಫ್ಟ್ ಮುಗೀಬೇಕಲ್ಲ. ಯಾಕ?”

“ಏನಿಲ್ರೀ. ನಿಮ್ಮ ಬಾಯಿಂದನ ಕೇಳಬೇಕಿತ್ತು,” ಎಂದಳು.

ಧ್ವನಿ ತಣ್ಣಗಿತ್ತು, ಹದಿನೈದು ವರ್ಷದ ಹಿಂದಿನ ಹಾಗೆ. ಕಣ್ಣು ತುಂಬಿತು. ನನ್ನ ದಾರಿ ಕಾಯುತ್ತಿದ್ದಾಳೆ. ನಾನಿನ್ನೂ ಅವಳನ್ನು ಎಷ್ಟು ಪ್ರೀತಿಸುತ್ತೇನೆಂದು ದ್ವೀಪಕ್ಕೆ ಹೋದ ಮೇಲೆ ಹೇಳಬೇಕು. ಸಂಜೆ ಹೋಗುವಾಗ ಹಲ್ವಾ ಒಯ್ಯುತ್ತೇನೆ.

ಅದೇ ದಿನ, ಸಂಜೆ

ಗ್ರಿಲ್ ಬಾಗಿಲು ತೆರೆದೇ ಇತ್ತು.

ಇಬ್ಬರನ್ನೂ ಕೂಗಿದೆ. ಕಪಾಟು ತೆರೆದಿತ್ತು. ನನ್ನ ಪಾಸ್‌ಪೋರ್ಟು ಇದೆ, ಅವೆರಡಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಪಕ್ಕದ ಬಾಗಿಲನ್ನು ಒದ್ದೆ. ಲೋಲಾಕ್ಷಿ ತೆರೆದಳು. ಅವಳ ಬೆನ್ನ ಹಿಂದೆ ವಿಕಾಸ್ ನಿಂತಿದ್ದ, ಕೈಯಲ್ಲಿ ಅವನ ಅಂಗಡಿಯ ಬೋಲ್ಟ್ ಕಟರ್.

“ಎಲ್ಲಿ ಅವರು?” ಎಂದು ಕಿರುಚಿದೆ.

“ವಿಮಾನ ಹೋಗಿ ಆಯ್ತು ಬಸವಂತಣ್ಣ. ಹುಬ್ಬಳ್ಳಿಗೆ ಮುಟ್ಟಿದ ಮೇಲೆ ಅವರೇ ಬೇಕಾದ್ರೆ ಫೋನ್ ಮಾಡ್ತಾರೆ. ಬೇಡದಿದ್ರೆ ಇಲ್ಲ,” ಎಂದಳು.

ಕೈ ಎತ್ತಿದೆನೋ ಏನೋ, 'ಎತ್ತಿದ್ದೀರಿ, ಇಳಿಸಿ' ಎಂದು ಅವಳೇ ಹೇಳಿದಳು. ಹಿಂದೆ ಸರಿಯಲಿಲ್ಲ. ನಾನು ಕೈ ಇಳಿಸಿದೆ. “ಮೇಜಿನ ಮೇಲೆ ನಿಮಗೆ ಇಟ್ಟು ಹೋಗಿದ್ದಾರೆ, ನೋಡಿ,” ಎಂದು ಬಾಗಿಲು ಹಾಕಿಕೊಂಡಳು.

ಮನೆಗೆ ಬಂದು ಕುರ್ಚಿ ಮುರಿದೆ. ಫ್ರಿಜ್ಜಿನ ನಕ್ಷೆಯನ್ನು ಹರಿದೆ. ಟಿ.ವಿ. ಕೆಡವಿದೆ. ಗಾಜು ಹೊಕ್ಕು ಅಂಗಾಲಿನಿಂದ ರಕ್ತ ಹರಿಯುತ್ತಿದೆ, ಒರೆಸುವವರು ಯಾರೂ ಇಲ್ಲ. ಕೊನೆಗೆ ಅಡುಗೆಮನೆಗೆ ಹೋದೆ.

ಮೇಜಿನ ಮೇಲೆ ನನ್ನ ಎರಡು ಕೆಂಪು ಬೀಗ. ಎರಡರ ಕೊಂಡಿಯೂ ಕತ್ತರಿಸಿದೆ. ಪಕ್ಕದಲ್ಲಿ ನನ್ನ ಟ್ಯಾಗ್, ನನ್ನ ಫೋಟೊ. ಅದರ ಮೇಲೊಂದು ಪೆನ್ನು.

ಟ್ಯಾಗ್ ತಿರುಗಿಸಿದೆ. ಉಮಾಳ ಅಕ್ಷರ.

“ಬೀಗದ ಒಡೆಯ ಆವರಣದಲ್ಲಿಲ್ಲ. ಫೋನ್ ಮಾಡಿ ಅವರ ಬಾಯಿಂದಲೇ ಕೇಳಲಾಗಿದೆ. ಬೀಗ ಕತ್ತರಿಸಿದ ಕಾರಣ: ಒಳಗೆ ಇಬ್ಬರಿದ್ದರು.”

ಕೆಳಗೆ ಎರಡು ಸಹಿ. ಒಂದು ಲೋಲಾಕ್ಷಿಯದು. ಇನ್ನೊಂದು ಪ್ರತಿಮಾಳದು, ಕನ್ನಡದಲ್ಲಿ. ಕನ್ನಡ ಬರೆಯೆಂದು ಎಷ್ಟು ಗೋಳಾಡಿದ್ದೆ ಅವಳ ಹತ್ತಿರ.

ಎಲ್ಲಾದರೂ ತಪ್ಪು ಸಿಗುತ್ತದೇನೋ ಎಂದು ಮತ್ತೆ ಮತ್ತೆ ಓದಿದೆ. ಮಿಲ್ಲಿನಲ್ಲಿ ಇಷ್ಟು ವರ್ಷ ನಾನು ಕಲಿಸಿದ ಯಾರೂ ಇಷ್ಟು ಕ್ರಮವಾಗಿ ಮಾಡಿದ್ದಿಲ್ಲ. ಅತ್ತೆ. ಕೂಗಿ ಅತ್ತೆ. ಗೋಡೆಯಾಚೆ ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಟ್ಯಾಗಿನ ಕೊನೆಯ ಸಾಲಿನಲ್ಲಿ ಸಹಿಯ ಜಾಗ ಮಾತ್ರ ಖಾಲಿಯಿತ್ತು. ಬೀಗ ಕತ್ತರಿಸಿದ್ದು ಒಡೆಯನ ಗಮನಕ್ಕೆ ಬಂದಿದೆ, ಸಹಿ.

ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.